ಕೇಳವಲ್ದು

ನನಗೆ ಕೇಳಿಸುತ್ತಿತ್ತು.

ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಡಮಾಡಿದರೆ ಸುತ್ತುಬಳಸಿ ನನಗೆ ಅನುಕೂಲವಾದ ಜಾಗಕ್ಕೇ ಬಂದು ನಿಲ್ಲುತ್ತೇನೆ — ನನ್ನ ಸ್ವಭಾವ ನನಗೆ ಗೊತ್ತು. ಕುಪ್ಪೇಲೂರಿನಿಂದ ಸರೋಜಕ್ಕನ ದನಿ ರಾಣೆಬೆನ್ನೂರಿನ ನನ್ನ ಮನೆಯ ರೇಡಿಯೊದಲ್ಲಿ ದಿನಾ ಬೆಳಿಗ್ಗೆ ಸ್ವಚ್ಛವಾಗಿ ಕೇಳಿಸುತ್ತಿತ್ತು. ನಾನು ಕೇಳಿಸುತ್ತಿಲ್ಲ ಎಂದೆ. ಒಂದು ದಿನ ಬಾಯಿತಪ್ಪಿ ಬಂದ ಮಾತಲ್ಲ ಅದು, ಒಂದು ಮಳೆಗಾಲದಿಂದ ಬೇಸಿಗೆಯವರೆಗೆ ಆಡಿದ ಮಾತು. ತಪ್ಪನ್ನು ಸೂರ್ಯನ ಮೇಲೆ ಹೊರಿಸಿದೆ. ಸೂರ್ಯ ಬಂದು ಇಲ್ಲ ಅನ್ನುವವನಲ್ಲವಲ್ಲ.

ಸರೋಜಕ್ಕ ಯಾರೆಂದು ಹೇಳಬೇಕು. ಟ್ರಂಕ್ ಕಾಲ್ ಮಾಡಿ ಕಾಯುತ್ತಿದ್ದ ಕಾಲದಲ್ಲಿ ಅವರು ರಾಣೆಬೆನ್ನೂರಿನ ಟೆಲಿಫೋನ್ ಆಪರೇಟರ್. ಮುಖ ನೋಡದವರಿಗೂ ಅವರ ದನಿ ಗೊತ್ತಿತ್ತು. ಬಜಾರಿನಲ್ಲಿ ಸೀರೆ ಆರಿಸುತ್ತ ನಿಂತು ಒಂದು ಮಾತು ಆಡಿದರೆ ಸಾಕು, ಅಂಗಡಿಯವನು ತಲೆ ಎತ್ತಿ “ಅಕ್ಕಾರ, ನೀವs ಏನ್ರಿ ಅದು?” ಎನ್ನುತ್ತಿದ್ದ. ಮದುವೆ ಆಗಲಿಲ್ಲ, ಆಗಬೇಕೆಂದು ಅನಿಸಿದ್ದಂತೆಯೂ ಕಾಣಲಿಲ್ಲ. ಡ್ಯೂಟಿ ಮುಗಿದ ಮೇಲೆ ಹವ್ಯಾಸಿ ರೇಡಿಯೊ, ಅದೇ ಹ್ಯಾಮ್ ಎನ್ನುತ್ತಾರಲ್ಲ, ಅದರ ಹುಚ್ಚು. ಮನೆಯ ಮಾಳಿಗೆ ಮೇಲೆ ಉದ್ದಕ್ಕೂ ತಂತಿ ಕಟ್ಟಿ ಲೋಕದ ಜೊತೆ ಮಾತಾಡುವ ಹೆಂಗಸು ನಮ್ಮ ಓಣಿಯಲ್ಲಿ ಅವರೊಬ್ಬರೇ.

ನನಗೆ ಆ ಹುಚ್ಚು ಹಿಡಿಸಿದವರೂ ಅವರೇ. ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮಷಿನ್ ನೋಡಿಕೊಳ್ಳುವವನು. ಮೆಣಸಿನಕಾಯಿ ಚೀಲ ತಣ್ಣಗಿರಬೇಕು, ಅಷ್ಟೇ ನನ್ನ ಕೆಲಸ. ಸಂಜೆ ರೈಲಿಳಿದು ನೇರ ಅವರ ಮನೆಗೆ ಹೋಗಿ, ಕೀಲಿ ಬಡಿದು ಸಂದೇಶ ಕಳಿಸುವ ಮೋರ್ಸ್ ಕಲಿಯಲು ಕೂರುತ್ತಿದ್ದೆ. ನನ್ನ ಕೈ ಒರಟು. “ಏನೋ ಮಲ್ಲು, ಮೋರ್ಸ್ ಬಡ್ಯಾಕತ್ತೀಯೋ, ರೊಟ್ಟಿ ಬಡ್ಯಾಕತ್ತೀಯೋ?” ಎಂದು ನಗುತ್ತಿದ್ದರು. ಬೈದು, ನಕ್ಕು, ಅವಲಕ್ಕಿ ಕೊಟ್ಟು, ಲೈಸೆನ್ಸ್ ಪರೀಕ್ಷೆ ಪಾಸು ಮಾಡಿಸಿದರು. ಹಾವೇರಿ, ದಾವಣಗೆರೆ, ಧಾರವಾಡದ ಕಡೆಯ ಹ್ಯಾಮ್‌ಗಳೆಲ್ಲ ಬೆಳಗಿನ ಚಹಾದ ಹೊತ್ತಿಗೆ ಒಂದೇ ಅಲೆಯ ಮೇಲೆ ಸೇರುವ ಪದ್ಧತಿ ಇತ್ತು. ಅದನ್ನು ನೆಟ್ ಎನ್ನುತ್ತೇವೆ. ಒಬ್ಬರು ಹಾಜರಿ ಕೂಗಬೇಕು, ಉಳಿದವರು ಒಬ್ಬೊಬ್ಬರಾಗಿ ಓಗೊಡಬೇಕು. ಸರೋಜಕ್ಕ ರಿಟೈರ್ ಆದ ವರ್ಷ ಆ ಕೆಲಸವನ್ನೂ ನನಗೇ ಬಿಟ್ಟುಕೊಟ್ಟರು. ನನಗೆ ಎಷ್ಟು ಜಂಬ ಬಂತೆಂದರೆ — ಅದು ಇರಲಿ.

ಆಮೇಲೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ಸಿಕ್ಕಿಹಾಕಿಕೊಂಡಿತು. ತಮ್ಮ ಈರಣ್ಣ ಬಂದು ಕುಪ್ಪೇಲೂರಿನ ತನ್ನ ಮನೆಗೆ ಕರೆದೊಯ್ದ. ರಾಣೆಬೆನ್ನೂರಿನಿಂದ ಬಸ್ಸು ಹತ್ತಿದರೆ ದೂರವೇನಿಲ್ಲ. ಸ್ವಲ್ಪ ಚೇತರಿಸಿಕೊಂಡ ಮೇಲೆ ರೇಡಿಯೊ ಬೇಕೆಂದು ಎಡಗೈಯಲ್ಲೇ ಸನ್ನೆ ಮಾಡಿ ಹಟ ಹಿಡಿದರಂತೆ. ನಾನೇ ಹೋಗಿ ಅಂಗಳದ ಬೇವಿನ ಮರದಿಂದ ಹಿತ್ತಲಿನ ಕಂಬದವರೆಗೆ ತಂತಿ ಎಳೆದು ಕಟ್ಟಿ ಬಂದೆ. ಇದನ್ನು ನನ್ನ ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ದಾರಿ ಮಾಡಿಕೊಟ್ಟವನೂ ನಾನು, ಆ ದಾರಿಗೆ ಅಡ್ಡ ನಿಂತವನೂ ನಾನು ಎಂಬುದು ನಿಮಗೆ ತಿಳಿದಿರಲಿ.

ಮರುದಿನ ಬೆಳಿಗ್ಗೆ ಹಾಜರಿಯಲ್ಲಿ ಅವರನ್ನು ಕೂಗಿದೆ. ಮೊದಲು ಒಂದು ಉಸಿರು ಕೇಳಿಸಿತು. ಆಮೇಲೆ ಏನೂ ಇಲ್ಲ. ಆಮೇಲೆ ಒಂದು ಅಕ್ಷರ, ಅದು ತಪ್ಪಾಯಿತೆಂದು ಅವರಿಗೇ ಗೊತ್ತಾಗಿ ಮತ್ತೆ ಅದೇ ಅಕ್ಷರ. ಊರಿಗೆಲ್ಲ ನಂಬರ್ ಜೋಡಿಸಿಕೊಟ್ಟ ದನಿ, ತನ್ನ ಹೆಸರನ್ನು ಹೇಳಲು... ನನ್ನ ಕಣ್ಣಲ್ಲಿ ನೀರು ಬಂತು. ಅವರ ಮಾತನ್ನು ನಾನು ದೂರದವರಿಗೆ ದಾಟಿಸುವವರೆಗೆ ಎಲ್ಲರೂ ಕಾದರು. “ವೆಲ್‌ಕಮ್ ಅಕ್ಕಾರ” ಎಂದರು.

ಆದರೆ ಕಣ್ಣೀರು ಒಂದು ವಾರದ ಸರಕು. ದಿನಾ ಬೆಳಿಗ್ಗೆ ಅದೇ ಉಸಿರು, ಅದೇ ಖಾಲಿ, ಅದೇ ಅಕ್ಷರ. ಅವರೊಬ್ಬರು ಮುಗಿಸುವ ಹೊತ್ತಿಗೆ ಉಳಿದವರ ಚಹಾ ಆರಿರುತ್ತಿತ್ತು. ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಗೆಳೆಯ ಶಂಭಣ್ಣ ಒಂದು ದಿನ ಫೋನು ಮಾಡಿ, “ಮಲ್ಲಣ್ಣ, ನೆಟ್ ಲಗೂ ಮುಗಸ್ರಿ ಮಾರಾಯ್ರ, ನನಗ ಡ್ಯೂಟಿಗೆ ತಡಾ ಆಗಾಕತ್ತೈತಿ” ಎಂದ. ಯಾರಿಂದ ತಡವಾಗುತ್ತಿದೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಸೂರ್ಯನ ವಿಷಯಕ್ಕೆ ಬರಬೇಕು. ಇವು ಕೊರೊನಾ ಬರುವುದಕ್ಕೆ ಸ್ವಲ್ಪ ಮೊದಲಿನ ದಿನಗಳು. ಸೂರ್ಯನಿಗೆ ಸುಮಾರು ಹನ್ನೊಂದು ವರ್ಷದ ಒಂದು ಏರಿಳಿತ ಇದೆ. ಏರಿದಾಗ ಮೈಮೇಲೆ ಕಲೆಗಳೆದ್ದು ಕೆರಳಿರುತ್ತಾನೆ, ಇಳಿದಾಗ ಮುಖ ತೊಳೆದಂತೆ ಬೋಳಾಗಿ ಸುಮ್ಮನಿರುತ್ತಾನೆ. ಕೆಳಗೆ ನಮಗೆ ವ್ಯತ್ಯಾಸ ತಿಳಿಯುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಗಿಸುವ ಬಿಸಿಲಿಗೆ ಏನೂ ಕೊರತೆಯಾಗುವುದಿಲ್ಲ. ಕೊರತೆಯಾಗುವುದು ಕಣ್ಣಿಗೆ ಕಾಣದ ತೀಕ್ಷ್ಣ ಕಿರಣಗಳಿಗೆ. ಅವು ನೆಲದವರೆಗೆ ಬರುವುದೇ ಇಲ್ಲ, ಮೇಲಿನ ಗಾಳಿಯೇ ಅವನ್ನು ನುಂಗಿ ಬಿಸಿಯಾಗಿ, ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿಕೊಂಡಿರುತ್ತದೆ. ಸೂರ್ಯ ಸುಮ್ಮನಾದಾಗ ಆ ಗಾಳಿ ತಣ್ಣಗಾಗಿ ಕುಗ್ಗಿ ಕೂರುತ್ತದೆ. ಅಲ್ಲಿ ಸುತ್ತುವ ಉಪಗ್ರಹಗಳಿಗೆ ಗಾಳಿಯ ತಡೆ ಕಡಿಮೆಯಾಗುತ್ತದೆ. ಕೆಟ್ಟುಹೋದ ಉಪಗ್ರಹಗಳ ಚೂರುಪಾರು, ಬೇಗ ಕೆಳಗಿಳಿದು ಸುಟ್ಟುಹೋಗಬೇಕಾದ ಕಸ, ಅದೂ ಇನ್ನಷ್ಟು ಕಾಲ ಮೇಲೆಯೇ ಸುತ್ತುತ್ತಿರುತ್ತದೆ.

ನಮಗೆ ಬೇಕಾದದ್ದು ಅಲ್ಲೇ ಇರುವ ಇನ್ನೊಂದು ಸಂಗತಿ. ಅದೇ ಕಿರಣಗಳಿಂದ ಮೇಲಿನ ಗಾಳಿಯಲ್ಲಿ ವಿದ್ಯುತ್ತಿನ ಒಂದು ಪದರ ಉಂಟಾಗುತ್ತದೆ. ನಮ್ಮ ರೇಡಿಯೊ ಅಲೆ ಮೇಲೇರಿ ಆ ಪದರಕ್ಕೆ ತಾಗಿ ಮರಳಿ ನೆಲಕ್ಕೆ ಬಂದರೆ ದೂರದವರಿಗೆ ಕೇಳಿಸುತ್ತದೆ. ಸೂರ್ಯ ಸುಮ್ಮನಿದ್ದ ವರ್ಷಗಳಲ್ಲಿ ಪದರ ತೆಳುವಾಗಿಬಿಡುತ್ತದೆ, ಅದರಲ್ಲೂ ಬೆಳಗಿನ ಹೊತ್ತು. ನೆಟ್ಟಗೆ ಮೇಲೇರಿದ ಅಲೆ ಮರಳುವುದಿಲ್ಲ, ಅದನ್ನು ತೂರಿಕೊಂಡು ಹೊರಟೇ ಹೋಗುತ್ತದೆ. ಓರೆಯಾಗಿ ಹೋದದ್ದು ಮಾತ್ರ ಎಲ್ಲೋ ದೂರ ಹೋಗಿ ಇಳಿಯುತ್ತದೆ. ಹಾಗಾಗಿ ಆ ವರ್ಷ ನಮ್ಮ ನೆಟ್ಟಿನಲ್ಲಿ ವಿಚಿತ್ರ ನಡೆಯುತ್ತಿತ್ತು. ಕೊಲಂಬೊದವನು ಪಕ್ಕದ ಮನೆಯಲ್ಲಿದ್ದಂತೆ ಕೇಳಿಸುತ್ತಿದ್ದ, ಧಾರವಾಡದವನು ಕೇಳಿಸುತ್ತಿರಲಿಲ್ಲ. “ಧಾರವಾಡ ಕೇಳವಲ್ದು” ಎಂದು ದಿನಾ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಕೇಳಿಸುತ್ತಿಲ್ಲ ಎನ್ನುವುದಕ್ಕೆ ನಮ್ಮ ಕಡೆ ಅದೇ ಮಾತು.

ಒಂದು ದಿನ ಧಾರವಾಡದ ಬೆನ್ನಿಗೇ ಸರೋಜಕ್ಕನ ಸರದಿ ಬಂತು. ಕೂಗಿದೆ. ಉಸಿರು ಕೇಳಿಸಿತು. ಆಮೇಲಿನ ಖಾಲಿ ಶುರುವಾಯಿತು. ಆ ಖಾಲಿಯೊಳಗೆ ನಾನು ಮೈಕ್ ಒತ್ತಿ ಹೇಳಿದೆ:

“ಅಕ್ಕಾರ, ನಿಮ್ಮ ದನೀನೂ ಕೇಳವಲ್ದರಿ. ಸೂರ್ಯ ತಣ್ಣಗಾಗ್ಯಾನ, ಮ್ಯಾಲಿನ ಪದರ ಕೈ ಕೊಟ್ಟೈತಿ. ನಾಳೆ ನೋಡೂನು.”

ಎಷ್ಟು ಸಲೀಸಾಗಿ ಬಂತು! ನನಗೇ ಆಶ್ಚರ್ಯ. ಯಾರೂ ಏನೂ ಅನ್ನಲಿಲ್ಲ, ಯಾಕೆಂದರೆ ಉಳಿದವರಿಗೆ ಅವರು ನಿಜಕ್ಕೂ ಕೇಳಿಸುತ್ತಿರಲಿಲ್ಲ. ಅವರೆಲ್ಲ ಕುಪ್ಪೇಲೂರಿನಿಂದ ಆಕಾಶವನ್ನು ನಂಬಿಕೊಂಡಷ್ಟು ದೂರದವರು. ನಾನೊಬ್ಬನೇ ಹತ್ತಿರದವನು. ಇಷ್ಟು ದಿನ ಅವರ ಮಾತನ್ನು ಕೇಳಿ ಎಲ್ಲರಿಗೂ ದಾಟಿಸುತ್ತಿದ್ದವನೂ ನಾನೇ. ಅಂದು ನೆಟ್ ಬೇಗ ಮುಗಿಯಿತು. ಶಂಭಣ್ಣ ಖುಷಿಯಾಗಿ ಡ್ಯೂಟಿಗೆ ಹೋದ. ನಾನು ಬಿಸಿ ಚಹಾ ಕುಡಿದೆ.

ಮರುದಿನವೂ ಅದನ್ನೇ ಹೇಳಿದೆ. ಅದರ ಮರುದಿನವೂ. ದಿನಾ ಅವರನ್ನು ಕೂಗುತ್ತಿದ್ದೆ, ಶಿಷ್ಟಾಚಾರ ತಪ್ಪಬಾರದಲ್ಲ. ಉಸಿರು ಕೇಳಿಸಿದ ಕೂಡಲೇ “ಕೇಳವಲ್ದು” ಎಂದು ಮುಂದಿನವರ ಹೆಸರು ಹಿಡಿಯುತ್ತಿದ್ದೆ. ಆ ಮುಂದಿನವರ ಹೆಸರಿನ ಹಿಂದೆ, ಒಮ್ಮೊಮ್ಮೆ, ಸರೋಜಕ್ಕ ತಮ್ಮ ಮಾತನ್ನು ಆಗತಾನೇ ಶುರುಮಾಡಿರುತ್ತಿದ್ದರು.

ಯಾಕೆ ಹಾಗೆ ಮಾಡಿದೆ? ಅವರ ಕಷ್ಟ ನೋಡಲಾಗಲಿಲ್ಲ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಬೇಸರವಾಗಿತ್ತು. ಅಷ್ಟೇ. ನೆಟ್ ಚೊಕ್ಕವಾಗಿ ನಡೆಯಬೇಕು, ಮಲ್ಲಿಕಾರ್ಜುನ ಚೆನ್ನಾಗಿ ನಡೆಸುತ್ತಾನೆ ಎಂದು ನಾಲ್ಕು ಮಂದಿ ಅನ್ನಬೇಕು. ಅದನ್ನು ನನ್ನ ಕೈಗೆ ಕೊಟ್ಟವರೇ ಅದಕ್ಕೆ ತೊಡಕಾಗಿದ್ದರು.

ಇಷ್ಟಕ್ಕೇ ನಿಂತಿದ್ದರೂ ಒಂದು ಮಾತು. ಈರಣ್ಣನ ಹೆಂಡತಿ ಗಿರಿಜವ್ವ ಒಂದು ಮಧ್ಯಾಹ್ನ ಫೋನು ಮಾಡಿದಳು. ನಾನು ಬ್ಯಾಡಗಿಯಲ್ಲಿ ಕೆಲಸದ ಮೇಲಿದ್ದೆ.

“ಅಣ್ಣಾರ, ಡಾಕ್ಟರ್ ದಿನಾ ಜೋರಾಗಿ ಮಾತಾಡಸ್ರಿ ಅಂದಾರ. ಇಲ್ಲಾಂದ್ರ ಇದ್ದ ಮಾತೂ ಹೋಗ್ತೈತಂತ. ಅಕ್ಕಾರು ನಮ್ಮ ಜೋಡಿ ಬಾಯೇ ಬಿಡೂದಿಲ್ಲ, ಆ ಪೆಟ್ಟಿಗಿ ಮುಂದ ಅಷ್ಟ ಮಾತಾಡ್ತಿದ್ರು. ಈಗ ಅದನೂ ಬಿಡಾಕತ್ತಾರ. ಯಾಕ್ರಿ, ನಿಮಗ ಕೇಳೂದಿಲ್ಲೇನ್ರಿ?”

ಇಲ್ಲಿ ಬಾಯಿಬಿಡಬಹುದಿತ್ತು. ಇಲ್ಲಿಯವರೆಗೆ ಸೋಮಾರಿತನವಾದರೆ ಇಲ್ಲಿಂದ ಮುಂದೆ — ಹೆಸರು ನೀವೇ ಇಡಿ. ನಾನು ಆ ಹೆಣ್ಣುಮಗಳಿಗೆ ಸೂರ್ಯನ ಪಾಠ ಮಾಡಿದೆ. ಕಲೆಗಳಿಲ್ಲದ ಸೂರ್ಯ, ತಣ್ಣಗಾದ ಮೇಲಿನ ಗಾಳಿ, ತೆಳುವಾದ ಪದರ. ಒಂದೊಂದು ಮಾತೂ ಖರೆ. ಎಲ್ಲ ಸೇರಿ ಹಸಿ ಸುಳ್ಳು. “ಇನ್ನೂ ಎರಡ್ಮೂರು ವರ್ಷ ಹಿಂಗs ನೋಡವ್ವ, ಯಾರ ಕೈಯಾಗೂ ಇಲ್ಲ” ಎಂದೆ. ಅವಳು, “ಎಷ್ಟ್ ಚೊಲೋ ತಿಳಿಸಿ ಹೇಳಿದ್ರಿ ಅಣ್ಣಾರ” ಎಂದು ಫೋನಿಟ್ಟಳು.

ಬೇಸಿಗೆಯ ಹೊತ್ತಿಗೆ ಉಸಿರೂ ನಿಂತಿತು. ರೇಡಿಯೊವನ್ನು ಅಟ್ಟಕ್ಕೆ ಏರಿಸಿದರೆಂದು ಕೇಳಿದೆ. ಆಮೇಲೆ ಕೊರೊನಾ ಬಂತು, ಹೋಗಿ ನೋಡದಿರಲು ಒಳ್ಳೆಯ ನೆಪವೂ ಬಂತು. ಕೊರೊನಾ ಹೋಯಿತು, ನಾನು ಹೋಗಲಿಲ್ಲ. ಸರೋಜಕ್ಕನಿಗೆ ಈಗ ಮಾತು ಬಹುಪಾಲು ನಿಂತೇ ಹೋಗಿದೆಯಂತೆ ಎಂದು ಯಾರೋ ಅಂದರು. ಲಕ್ವಾದಿಂದ ಎಂದು ಎಲ್ಲರೂ ತಿಳಿದರು. ನಾನೂ ತಲೆ ಅಲ್ಲಾಡಿಸಿದೆ.

ವರ್ಷಗಳು ಕಳೆದು ಸೂರ್ಯ ಮತ್ತೆ ಕೆರಳಿದ. ಆ ಕೆರಳಿಕೆಗೆ ಲಡಾಖಿನ ರಾತ್ರಿಯ ಆಕಾಶ ಕೆಂಪಾಯಿತೆಂದು ಸುದ್ದಿ ಬಂದ ಮರುದಿನ ಬ್ಯಾಡಗಿಯ ಮಾರುಕಟ್ಟೆಯ ಎದುರಿನ ಚಹಾದಂಗಡಿಯಲ್ಲಿ ಪರಿಚಯದ ದಲಾಲರು ಶಿವಪುತ್ರಪ್ಪ ಸಿಕ್ಕರು. ಮೊಬೈಲಿನಲ್ಲಿ ಫೋಟೊ ತೋರಿಸಿ, “ನೋಡ್ರಿಲ್ಲೆ, ಆಕಾಶದಾಗೂ ನಮ್ಮ ಮೆಣಸಿನಕಾಯಿ ರಾಶಿ ಹಾಕ್ಯಾರ” ಎಂದು ನಕ್ಕರು. ನನಗೆ ಹುರುಪು ಬಂತು. ಸೂರ್ಯನ ಏರಿಳಿತ ವಿವರಿಸಿದೆ. ಆಗ ಅವನು ಸುಮ್ಮನಿದ್ದಾಗ ನಮ್ಮ ನೆಟ್ ಹೇಗೆ ಸೊರಗಿತ್ತು ಎಂದೂ ಹೇಳಿದೆ. ಅವರು ಬಟ್ಟಲು ಕೆಳಗಿಟ್ಟು ಕೇಳಿದರು:

“ಅಂದ್ರ ಆವಾಗ ಬಾಜೂ ಊರಿನ ಮಂದೀನೂ ಕೇಳ್ತಿದ್ದಿಲ್ಲೇನ್ರಿ?”

“ಛೇ, ಹಂಗಲ್ರಿ. ಸನೇದಾಗಿನದು ನೆಲಾ ಹಿಡಕೊಂಡು ಬರ್ತೈತಿ. ಅದಕ್ಕ ಆಕಾಶಾನೂ ಬ್ಯಾಡ, ಸೂರ್ಯಾನೂ ಬ್ಯಾಡ” ಎಂದೆ.

ಎಂದವನು ಹಾಗೇ ಕುಳಿತುಬಿಟ್ಟೆ.

ಆ ಮಾತು ನನ್ನದಲ್ಲ. ಮೋರ್ಸ್ ಕಲಿಯುವ ಮೊದಲೇ ಸರೋಜಕ್ಕ ಹೇಳಿಕೊಟ್ಟ ಪಾಠ ಅದು. “ದೂರದವರ ಜೋಡಿ ಮಾತಾಡಬೇಕಂದ್ರ ಸೂರ್ಯನ ಮರ್ಜಿ ಕಾಯಬೇಕೋ ಮಲ್ಲು. ಮಗ್ಗಲ ಊರಿಗೆ ಯಾರ ಅಪ್ಪಣೀನೂ ಬೇಕಾಗಿಲ್ಲ” ಎಂದಿದ್ದರು. ಇನ್ನೂ ಒಂದು ಹೇಳಿದ್ದರು — ದಾರಿ ಒಂದೇ, ನಿನ್ನ ದನಿ ನನಗೆ ಬಂತೆಂದರೆ ನನ್ನದೂ ನಿನಗೆ ಬಂದೇ ಬರುತ್ತದೆ ಎಂದು. ಕುಪ್ಪೇಲೂರಿನಲ್ಲಿ ನನ್ನ ದನಿ ಖಂಡಿತ ಕೇಳಿಸುತ್ತಿತ್ತು. ಹಾಗಾದರೆ ದಿನಾ ಬೆಳಿಗ್ಗೆ ನಾನು “ಕೇಳವಲ್ದು” ಎಂದದ್ದನ್ನು ಕೇಳುತ್ತ ಕುಳಿತಿದ್ದ ಆ ಜೀವ... ನನ್ನ ಸುಳ್ಳನ್ನು ಗುರುತಿಸಬಲ್ಲವರು ನಮ್ಮ ಗುಂಪಿನಲ್ಲಿ ಒಬ್ಬರೇ ಇದ್ದರು. ನಾನು ಸುಳ್ಳು ಹೇಳಿದ್ದು ಅವರಿಗೇ.

ಅದೇ ವಾರದ ರಜೆಯ ದಿನ ಕುಪ್ಪೇಲೂರಿನ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಹೆದರಿಕೆ ಹೆಚ್ಚಾಗಿ ನಡುದಾರಿಯಲ್ಲಿ ಇಳಿದುಬಿಟ್ಟೇನು ಎನಿಸಿತ್ತು.

ಅಂಗಳದಲ್ಲಿ ಮೊದಲು ಕಂಡದ್ದು ನಾನು ಕಟ್ಟಿದ ತಂತಿ. ಬೇವಿನ ಮರದಿಂದ ಕಂಬದವರೆಗೆ ಈಗಲೂ ಬಿಗಿಯಾಗಿಯೇ ಇದೆ. ಮನೆಯೊಳಕ್ಕೆ ಹೋಗುವ ಕೇಬಲ್ ಕತ್ತರಿಸಿದ್ದರು. ತಂತಿಯ ಮೇಲೆ ಗಿರಿಜವ್ವ ಸೀರೆ ಒಣಹಾಕಿದ್ದಳು. ಸರೋಜಕ್ಕ ಕಟ್ಟೆಯ ಮೇಲೆ ಕುಳಿತಿದ್ದರು. ತಲೆ ಪೂರಾ ಬೆಳ್ಳಗಾಗಿದೆ. ಕಣ್ಣು ಮಾತ್ರ ಹಿಂದಿನಂತೆಯೇ ಚುರುಕು. ನನ್ನನ್ನು ನೋಡಿ ಎಡಗೈಯಿಂದ ಪಕ್ಕದ ಜಾಗ ತೋರಿಸಿದರು. ನಾನು ಅಲ್ಲಿ ಕೂರಲಿಲ್ಲ, ಎದುರಿಗೆ ನೆಲದ ಮೇಲೆ ಕುಳಿತೆ.

“ಅಕ್ಕಾರ, ಆವಾಗ ನಿಮ್ಮ ದನಿ ನನಗ ಕೇಳ್ತಿತ್ತು” ಎಂದೆ.

ಗಿರಿಜವ್ವ ಬಾಗಿಲಲ್ಲೇ ನಿಂತಳು. ಚಹಾ ತಂದವಳು ಅದನ್ನು ಕೊಡಲಿಲ್ಲ, ಒಳಗೆ ತೆಗೆದುಕೊಂಡು ಹೋದಳು. ಅವಳು ಮಾಡಿದ್ದು ಸರಿ.

ಸರೋಜಕ್ಕ ಒಂದು ಉಸಿರು ಎಳೆದುಕೊಂಡರು. ಆಮೇಲೆ ಅದೇ ಖಾಲಿ. ಈ ಸಲ ನಾನು ಕಾದೆ. ಅವರ ತುಟಿ ಎಡಕ್ಕೆ ಸೊಟ್ಟಾಗಿ, ಕತ್ತಿನ ನರ ಬಿಗಿದು, ಒಂದೊಂದೇ ಮಾತು ಹೊರಬಂತು.

“ನಂಗ... ಗೊತ್ತಿತ್ತು.”

ಮತ್ತೆ ಬಹಳ ಹೊತ್ತು.

“ಕೇಳವಲ್ದು... ಅಂದಿ. ಕೇಳವಲ್ಲೆ... ಅನ್ನಬೇಕಿತ್ತು.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಕೇಳವಲ್ದು ಎಂದರೆ ದನಿ ಬಂದು ಮುಟ್ಟುತ್ತಿಲ್ಲ ಎಂದು, ಅದರಲ್ಲಿ ಯಾರ ತಪ್ಪೂ ಇಲ್ಲ. ಕೇಳವಲ್ಲೆ ಎಂದರೆ ನಾನು ಕೇಳಲು ಒಲ್ಲೆ ಎಂದು. ಕೊನೆಯ ಅಕ್ಷರ ಒಂದು ಬದಲಾದರೆ ಸೂರ್ಯ ಹೊರಗೆ ಹೋಗಿ ಮಲ್ಲಿಕಾರ್ಜುನ ಒಳಗೆ ಬರುತ್ತಾನೆ. ಆ ಅಕ್ಷರವನ್ನು ಅವರು ಇಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದರು.

ನಾನು ಅಳುತ್ತ, ಕೇಬಲ್ ಜೋಡಿಸಿಕೊಡುತ್ತೇನೆ, ಸಾಮಾನು ತಂದಿದ್ದೇನೆ ಎಂದು ಚೀಲ ಬಿಚ್ಚಲು ಹೋದೆ. ಅವರು ತಲೆ ಅಲ್ಲಾಡಿಸಿದರು. ಬೇಡ.

“ಇಲ್ಲೆ... ಹೇಳಿದ್ರ ಏನ್ ಬಂತು. ಅಲ್ಲೆ... ಹೇಳು.”

ಅಲ್ಲೆ ಎಂದರೆ ನೆಟ್ಟಿನಲ್ಲಿ, ಎಲ್ಲರ ಮುಂದೆ. ಆಮೇಲೆ, ಮತ್ತೆ ಬಾಗಿಲಿಗೆ ಬಂದಿದ್ದ ಗಿರಿಜವ್ವನ ಕಡೆ ತಿರುಗಿ ಅಟ್ಟದತ್ತ ಕೈ ತೋರಿಸಿದರು. “ಪೆಟ್ಟಿಗಿ... ಇಳಸು” ಎಂದರು. ಒಳಗೆ ಒಂದು ಮೊಳ ತಂತಿ ಸಿಕ್ಕಿಸಿದರೂ ಹತ್ತಿರದ ನನ್ನ ದನಿ ಅದರಲ್ಲಿ ಕೇಳಿಸುತ್ತದೆ. ಮಾತಾಡಬೇಕಾದರೆ ಮಾತ್ರ ಹೊರಗಿನ ತಂತಿ ಬೇಕು. ಅವರು ಕೇಳಲು ಸಿದ್ಧರಿದ್ದರು, ನನ್ನ ಜೊತೆ ಮಾತಾಡಲು ಅಲ್ಲ.

ಮರುದಿನ ಬೆಳಿಗ್ಗೆ ನೆಟ್ಟಿನಲ್ಲಿ ಹೇಳಿದೆ. ಹಾಜರಿಗಿಂತ ಮೊದಲೇ, ನನ್ನ ಹೆಸರು ಹೇಳಿ, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಗಿರಿಜವ್ವನಿಗೆ ಮಾಡಿದ ಪಾಠವನ್ನೂ ಬಿಡಲಿಲ್ಲ. ಸೂರ್ಯ ಏರಿನಲ್ಲಿದ್ದ ಕಾಲ, ಧಾರವಾಡಕ್ಕೂ ಚೊಕ್ಕವಾಗಿ ಕೇಳಿಸಿರಬೇಕು. ಶಂಭಣ್ಣ ಮೈಕ್ ಒತ್ತಿ, “ಲಗೂ ಮುಗಸ್ರಿ ಅಂತ ನಾನೂ ಅಂದಿದ್ನೆಲ್ಲ ಮಲ್ಲಣ್ಣ” ಎಂದ. ಒಳ್ಳೆಯ ಮನುಷ್ಯ, ನನ್ನ ಭಾರದಲ್ಲಿ ಪಾಲು ಕೇಳಿದ. ನಾನು ಕೊಡಲಿಲ್ಲ. “ನೀ ಅಂದಿದ್ದು ಖರೆ. ಆದ್ರ ಕೇಳಿಸಿದ್ದು ನನಗೊಬ್ಬನಿಗೆ” ಎಂದೆ.

ನೆಟ್ ನಡೆಸುವ ಕೆಲಸವನ್ನು ದಾವಣಗೆರೆಯ ಗೆಳೆಯರಿಗೆ ಒಪ್ಪಿಸಿದ್ದೇನೆ. ಒಂದೇ ಒಂದು ಹೆಸರನ್ನು ಮಾತ್ರ ನಾನು ಕೂಗುತ್ತೇನೆಂದು ಕೇಳಿಕೊಂಡೆ, ಒಪ್ಪಿದ್ದಾರೆ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸರೋಜಕ್ಕನನ್ನು ಕೂಗಿ ಸುಮ್ಮನಾಗುತ್ತೇನೆ. ಹಿಂದೆ ಅವರಿಗೆ ಒಂದು ಮಾತು ಜೋಡಿಸಿಕೊಳ್ಳಲು ಎಷ್ಟು ಹೊತ್ತು ಬೇಕಾಗುತ್ತಿತ್ತೋ ಅಷ್ಟು ಹೊತ್ತು ಯಾರೂ ನಡುವೆ ಬರುವುದಿಲ್ಲ. ಉತ್ತರ ಬರುವ ದಾರಿಯಿಲ್ಲ, ಗೊತ್ತು. ಕುಪ್ಪೇಲೂರಿನ ತಂತಿಯ ಮೇಲೆ ಇನ್ನೂ ಸೀರೆ ಒಣಗುತ್ತಿದೆ. ಅದನ್ನು ತೆಗೆಯಬೇಕೋ ಬೇಡವೋ ಎನ್ನುವುದು ಅವರಿಗೆ ಬಿಟ್ಟದ್ದು, ನಾನು ಮತ್ತೆ ಕೇಳುವುದಿಲ್ಲ. ಅವರ ಬಾಯಿಂದ ಹೋದ ಮಾತು ನನ್ನ ಪಶ್ಚಾತ್ತಾಪದಿಂದ ಮರಳುವುದಿಲ್ಲ ಎಂಬುದೂ ಗೊತ್ತು.

ಮುಂದೆ ಸೂರ್ಯ ಮತ್ತೆ ಸುಮ್ಮನಾಗುತ್ತಾನೆ. ಮೇಲಿನ ಗಾಳಿ ಮತ್ತೆ ಕುಗ್ಗುತ್ತದೆ, ಧಾರವಾಡ ಮತ್ತೆ ಮರೆಯಾಗುತ್ತದೆ. ಆಗಲೂ ನಾನು ಚಹಾ ಪಕ್ಕಕ್ಕಿಟ್ಟು ಇದೇ ಕುರ್ಚಿಯಲ್ಲಿ ಕುಳಿತಿರುತ್ತೇನೆ. ನಾಳೆ ಬೆಳಿಗ್ಗೆಯೂ ಮೈಕ್ ಒತ್ತಿ ಅವರ ಹೆಸರು ಕೂಗುತ್ತೇನೆ, ಮೈಕಿನ ಗುಂಡಿ ಬಿಡುವ ಮೊದಲು ದಿನದಂತೆ ಒಂದೇ ಮಾತು ಹೇಳುತ್ತೇನೆ:

“ಅಕ್ಕಾರ, ನಾ ಕೇಳಾಕತ್ತೇನಿ.”